ಬಾಯಿಮಾತಿನ ಜಾಗ

ಬಿ.ಕಾಂ. ಮುಗಿಸಿ ಬಂದ ವರ್ಷ ಕೆಲಸವಿಲ್ಲದೆಯೂ ನನ್ನಷ್ಟು ಸೊಕ್ಕು ಇದ್ದವಳು ಬೇಲೆಕೇರಿಯಲ್ಲಿ ಇನ್ನೊಬ್ಬಳು ಇರಲಿಲ್ಲ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯೇನೂ ಇಲ್ಲ. ನಾಚಿಕೆಪಡಬೇಕಾದದ್ದು ಬೇರೆ ಇದೆ, ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ಗೋವಾದಲ್ಲಿ ಯಾರದೋ ಬೋಟಿನ ಮೇಲೆ ಖಲಾಸಿ. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯದ ಎರಡು ತಿಂಗಳು, ಆಮೇಲೆ ಚೌತಿಗೆ ನಾಲ್ಕು ದಿನ, ಅಪ್ಪ ಮನೆಯಲ್ಲಿ ಇರುತ್ತಿದ್ದದ್ದು ಅಷ್ಟೇ. ಉಳಿದಂತೆ ಮನೆ ನಡೆಸಿದವಳು, ನನ್ನನ್ನು ಮೂರು ವರ್ಷ ಬಸ್ಸಿನಲ್ಲಿ ಕಾರವಾರದ ಕಾಲೇಜಿಗೆ ಕಳಿಸಿದವಳು ನನ್ನ ಹೆತ್ತ ಆಯಿ. ಅಂಕೋಲೆಯ ಮೀನುಪೇಟೆಯಲ್ಲಿ ಮೀನು ಮಾರಿ ಕಳಿಸಿದಳು.

ಕಾಲೇಜಿನಲ್ಲಿ ಯಾರಾದರೂ 'ನಿಮ್ಮ ಮನೇಲಿ ಏನ್ಮಾಡ್ತಾರೆ' ಎಂದು ಕೇಳಿದರೆ 'ಫಿಶ್ ಬಿಸಿನೆಸ್' ಅನ್ನುತ್ತಿದ್ದೆ. ನಾನು ಹೇಳುವ ಧಾಟಿಗೆ ಕೇಳಿದವರು ಇವಳ ಮನೆಯಲ್ಲಿ ನಾಲ್ಕು ಬೋಟು, ಒಂದು ಐಸ್ ಫ್ಯಾಕ್ಟರಿ ಇದೆ ಅಂದುಕೊಳ್ಳಬೇಕು. ಅಂದುಕೊಂಡರೆ ನಾನು ಇಲ್ಲ ಅನ್ನುತ್ತಿರಲಿಲ್ಲ. ದಿನಾ ಬಸ್ಸು ಹತ್ತುವ ಮೊದಲು ಎರಡೆರಡು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದೆ. ಮೀನು ಮುಟ್ಟಿರಲೇ ಇಲ್ಲ, ಆದರೂ ತೊಳೆಯುತ್ತಿದ್ದೆ.

ಡಿಗ್ರಿ ಆದಮೇಲೆ ಏನು ಎಂಬುದಕ್ಕೆ ಊರಿನಲ್ಲಿ ಎಲ್ಲರ ಹತ್ತಿರವೂ ಉತ್ತರ ಇತ್ತು, ನನ್ನ ಹತ್ತಿರ ಮಾತ್ರ ಇರಲಿಲ್ಲ. ಒಬ್ಬರು ಬಿ.ಎಡ್. ಮಾಡು ಅಂದರು. ಒಬ್ಬರು ಬ್ಯಾಂಕ್ ಪರೀಕ್ಷೆ ಬರೆ ಅಂದರು. ಒಬ್ಬರು ನನ್ನ ಹತ್ತಿರ ಏನೂ ಹೇಳದೆ ಸೀದಾ ಆಯಿಯ ಹತ್ತಿರ ಹೋಗಿ ಗಂಡು ನೋಡು ಅಂದರು. ನಾನು ಹುಬ್ಬಳ್ಳಿಗೆ ಹೋಗಿ ಒಂದು ಪರೀಕ್ಷೆ ಬರೆದೆ, ಮಂಗಳೂರಿಗೆ ಹೋಗಿ ಇನ್ನೊಂದು ಬರೆದೆ. ಒಂದು ಗುಮಾಸ್ತೆ ಹುದ್ದೆಗೆ ನನ್ನ ಹೆಸರು ಹೆಚ್ಚುವರಿ ಪಟ್ಟಿಯಲ್ಲಿ ಬಂತು. ಅದೊಂದು ಹಾಳು ಪಟ್ಟಿ. ಪಾಸೂ ಅಲ್ಲ, ಫೇಲೂ ಅಲ್ಲ. ಮೇಲಿನವರು ಯಾರಾದರೂ ಕೆಲಸಕ್ಕೆ ಸೇರದಿದ್ದರೆ ಆಗ ನೀನು. ಅಂದರೆ ಮೇಲಿನವಳಿಗೆ ಮದುವೆಯಾಗಲಿ, ದುಬೈಗೆ ಹಾರಲಿ, ಏನಾದರೂ ಆಗಿ ಅವಳು ಬಾರದಿರಲಿ ಎಂದು ದಿನಾ ದೇವರ ಮುಂದೆ ನಿಲ್ಲುವ ಕೆಲಸ.

ಆಯಿಗೆ ಓದಲು ಬರುವುದಿಲ್ಲ. ಹೆಚ್ಚುವರಿ ಅಂದರೇನು ಎಂದು ನಾನು ಬಿಡಿಸಿ ಹೇಳಲೂ ಇಲ್ಲ. ಪಟ್ಟಿಯಲ್ಲಿ ಹೆಸರಿದೆ ಅಂದದ್ದೇ ಅವಳಿಗೆ ಸಾಕಾಯಿತು. 'ನಮ್ ಹುಡ್ಗಿ ಲಿಸ್ಟಲ್ಲಿ ಬಂದದೆ' ಎಂದು ಮೀನುಪೇಟೆ ತುಂಬ ಹೇಳಿಕೊಂಡು ಬಂದಳು. ಪೇಟೆಯ ಹೆಂಗಸರಿಗೆಲ್ಲ ಅದು ತಮ್ಮದೇ ಮನೆಯ ಸುದ್ದಿ ಆಯಿತಂತೆ. ಅವತ್ತು ಗಿರಾಕಿಗಳಿಗೆಲ್ಲ ಅದನ್ನೇ ಹೇಳಿ ಬಂಗಡೆ ಮಾರಿದರಂತೆ.

ಆ ಪೇಟೆಯಲ್ಲಿ ಜಾಗ ಅಂದರೆ ಮೂರು ಮೊಳ ಸಿಮೆಂಟು ಕಟ್ಟೆ. ಆಯಿಯದು ಒಳಸಾಲಿನಲ್ಲಿ, ಕಂಬದ ಪಕ್ಕದ್ದು. ಮಳೆಯ ಎರಚಲು ಬರುವುದಿಲ್ಲ, ಬಿಸಿಲು ಬೀಳುವುದಿಲ್ಲ, ಒಳಗೆ ಬಂದ ಗಿರಾಕಿಯ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ನನ್ನ ಅಜ್ಜಿ ಕೂತ ಜಾಗ ಅದು, ಅವಳ ನಂತರ ಸೊಸೆಗೆ ಬಂತು. ಯಾವ ಕಾಗದದಲ್ಲೂ ಬರೆದದ್ದಲ್ಲ. ಒಳಸಾಲಿನಲ್ಲಿ ಯಾರ ಜಾಗವೂ ಕಾಗದದ ಮೇಲೆ ಇರಲಿಲ್ಲ. ಇದು ಇಂಥವಳ ಜಾಗ ಎಂದು ಎಲ್ಲರಿಗೂ ಗೊತ್ತು, ಮುಗಿಯಿತು.

ಜಾಗಕ್ಕಿಂತ ದೊಡ್ಡದು ಪಾಲು. ಬೆಳಿಗ್ಗೆ ಬೋಟು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಹರಾಜಾಗುತ್ತದಲ್ಲ, ಅಲ್ಲಿ ಬುಟ್ಟಿ ಹಿಡಿದು ಒಬ್ಬಳೇ ಹೋದರೆ ಏನೂ ಸಿಗುವುದಿಲ್ಲ. ರಾಶಿ ದೊಡ್ಡದಿರುತ್ತದೆ, ಒಬ್ಬಳು ಕೊಂಡು ಸಂಜೆಯೊಳಗೆ ಮಾರಿ ಮುಗಿಸುವಂಥದಲ್ಲ. ಅದಕ್ಕೇ ನಾಲ್ಕು ನಾಲ್ಕು ಜನರ ಗುಂಪು. ಒಬ್ಬಳು ಹರಾಜು ಕೂಗುತ್ತಾಳೆ, ಅಲ್ಲೇ ನೆಲದ ಮೇಲೆ ನಾಲ್ಕು ಪಾಲು ಮಾಡುತ್ತಾರೆ, ಒಂದೇ ಟೆಂಪೋದಲ್ಲಿ ಪೇಟೆಗೆ ಬಂದು ಅಕ್ಕಪಕ್ಕ ಕೂರುತ್ತಾರೆ. ಒಬ್ಬಳು ಚಾ ಕುಡಿಯಲು ಎದ್ದರೆ ಇನ್ನೊಬ್ಬಳು ಅವಳ ಮೀನನ್ನೂ ಮಾರುತ್ತಾಳೆ. ನಮ್ಮ ಆಯಿಯ ಗುಂಪಿನಲ್ಲಿ ಹರಾಜು ಕೂಗುತ್ತಿದ್ದವಳು ಪಕ್ಕದ ಜಾಗದ ಹೆಂಗಸು. ಸಂಬಂಧದಲ್ಲಿ ಏನೂ ಅಲ್ಲ, ಆದರೆ ನಾವೆಲ್ಲ ಮಾವಶಿ ಎಂದೇ ಕರೆಯುತ್ತಿದ್ದೆವು. ಆಯಿಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ದೊಡ್ಡದು. ಅವಳು ದಕ್ಕೆಯಲ್ಲಿ ಕೂಗಿದರೆ ಬಂದರಿನ ಆಚೆ ತುದಿಯ ನಾಯಿ ಏಳುತ್ತಿತ್ತು.

ಪಟ್ಟಿ ನನ್ನನ್ನು ಕರೆಯುವವರೆಗೆ ಸುಮ್ಮನೆ ಕೂರುವುದು ಬೇಡ ಎಂದು ನಾನು ಕಾರವಾರದಲ್ಲಿ ಕೋರ್ಟಿನ ಹತ್ತಿರ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗಿಗೆ ಸೇರಿದೆ. ದಿನವಿಡೀ ನೋಟಿಸು. ಗಂಡ ಹೆಂಡತಿಗೆ, ಅಣ್ಣ ತಮ್ಮನಿಗೆ, ಮನೆಯವರು ಬಾಡಿಗೆಯವರಿಗೆ. ಎಲ್ಲದರಲ್ಲೂ ಸದರಿ, ಸದರಿ, ಸದರಿ. ಮೂರು ತಿಂಗಳಲ್ಲಿ ಆ ಭಾಷೆ ನನಗೆ ನಾಲಿಗೆಗೆ ಅಂಟಿಬಿಟ್ಟಿತು. ಜಗತ್ತು ನಡೆಯುವುದೇ ಹೀಗೆ, ಒಂದು ಬಿಳಿ ಹಾಳೆ, ಕೆಳಗೊಂದು ಸಹಿ, ಜನ ಹೆದರಿ ದಾರಿಗೆ ಬರುತ್ತಾರೆ ಅಂದುಕೊಂಡೆ. ಇಪ್ಪತ್ತೆರಡು ವರ್ಷದವಳಿಗೆ ಅಷ್ಟು ಸಾಕು ಹಾಳಾಗಲಿಕ್ಕೆ.

ಆ ಸಲ ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿದ ವಾರವೇ ಆಯಿ ದಕ್ಕೆಯ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಅಂದರು ಡಾಕ್ಟರು. ಮನೆಗೆ ಬಂದು ಕೂತವಳು ನೋವು ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. ಮೊದಲು ಬಂದ ಮಾತೇ ಜಾಗದ್ದು.

'ನಾಳೆ ಒಂದ್ ಕಾಯಿ ತಕಂಡು ಮಾವಶಿ ಮನೆಗೆ ಹೋಗು ಮಗಾ. ಆಯಿ ಕೈ ಮುರ್ಕಂಡು ಕೂತದೆ, ಜಾಗ ನೋಡ್ಕ, ಪಾಲು ನೋಡ್ಕ ಅನ್ನು. ಅಷ್ಟೇ.'

ಇದು ಅಲ್ಲಿಯ ಪದ್ಧತಿ. ಹೆರಿಗೆಯೋ, ಸಾವೋ, ಕಾಯಿಲೆಯೋ, ಪೇಟೆಗೆ ಬರಲಾಗದ ಹೆಂಗಸಿನ ಮನೆಯಿಂದ ಯಾರಾದರೂ ತೆಂಗಿನಕಾಯಿ ಹಿಡಿದು ಪಕ್ಕದ ಜಾಗದವಳ ಮನೆಗೆ ಹೋಗಬೇಕು, ಬಾಯಿಬಿಟ್ಟು ಹೇಳಬೇಕು. ಮರುದಿನದಿಂದ ಪಕ್ಕದವಳು ಆ ಜಾಗದ ಮೇಲೆ ತನ್ನದೊಂದು ಖಾಲಿ ಬುಟ್ಟಿ ಬೋರಲು ಹಾಕುತ್ತಾಳೆ. ಬುಟ್ಟಿ ಬೋರಲು ಬಿದ್ದ ಜಾಗದಲ್ಲಿ ಯಾರೂ ಕೂರುವುದಿಲ್ಲ. ಪಾಲೂ ಹಾಗೆಯೇ ಉಳಿಯುತ್ತದೆ, ಆರು ವಾರವಿರಲಿ, ಆರು ತಿಂಗಳಿರಲಿ.

'ಮತ್ತೆ ಐತವಾರ ಒಂದ್ ದಿನ ನೀನೇ ಹೋಗಿ ಜಾಗದಲ್ಲಿ ಕೂತ್ಕ' ಅಂದಳು ಆಯಿ.

'ನಾನಾ? ಮೀನು ಮಾರೂಕೆ?'

'ಮಾರೂದು ಮಾವಶಿ ಮಾಡ್ತು ಮಾರಾಯ್ತಿ. ನೀ ಬರೀ ಕೂತ್ಕ. ಮನೆಯವ್ರು ಒಬ್ರು ಕಣ್ಣಿಗೆ ಬಿದ್ರೆ ಚೆಂದ.'

ನನಗೆ ಮೈಯೆಲ್ಲ ಉರಿಯಿತು. ಐತವಾರ ಅಂಕೋಲೆಯಲ್ಲಿ ಮೀನಿಗೆ ಬಾರದವರು ಯಾರು? ನನಗೆ ಅಕೌಂಟೆನ್ಸಿ ಕಲಿಸಿದ ಸರ್ ಬರುತ್ತಾರೆ. ಕ್ಲಾಸಿನ ಇಬ್ಬರು ಹುಡುಗಿಯರ ಮನೆ ಪೇಟೆಯ ಹಿಂದೆಯೇ. ಅವರ ಮುಂದೆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಾರ್ಲೆಯ ಮೇಲಿನ ನೊಣ ಓಡಿಸಲೇ? ಫಿಶ್ ಬಿಸಿನೆಸ್! ಮಾವಶಿಯ ಮನೆಗೆ ಹೋಗುವುದೂ ಬೇಡವಾಗಿತ್ತು. ಹೋದರೆ ಅವಳು ಬಾಗಿಲಲ್ಲೇ ನಿಂತು, ಕೇರಿಗೆಲ್ಲ ಕೇಳುವ ಹಾಗೆ, 'ಲಿಸ್ಟ್ ಏನಾಯ್ತೇ ತಂಗಿ, ಯಾವಾಗ ಕರೀತ್ರು' ಎಂದು ಕೇಳುತ್ತಾಳೆ. ಅದೊಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಾನು ಆ ದಿನಗಳಲ್ಲಿ ಕೇರಿಯನ್ನೇ ಬಿಟ್ಟು ಹಿಂದಿನ ಹೊಯ್ಗೆ ದಾರಿಯಲ್ಲಿ ಬಸ್ಸಿಗೆ ಹೋಗುತ್ತಿದ್ದೆ.

ಆಯಿಗೆ ಹೂಂ ಅಂದೆ. ಮರುದಿನ ಕಾಯಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಅದು ಮಾವಶಿಯ ಮನೆಗೆ ಹೋಗಲಿಲ್ಲ, ನನ್ನ ಜೊತೆ ಕಾರವಾರಕ್ಕೆ ಬಂತು. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಕೋಡಿಬಾಗದ ಹೆಂಗಸಿಗೆ ಕೊಟ್ಟೆ, ಅವಳು ಚಟ್ನಿ ಮಾಡಿದಳು. ಮಧ್ಯಾಹ್ನ ವಕೀಲರು ಊಟಕ್ಕೆ ಹೋದಾಗ ಕಂಪ್ಯೂಟರಿನ ಮುಂದೆ ಕೂತು ನಾನು ಒಂದು ನೋಟಿಸು ಟೈಪು ಮಾಡಿದೆ.

'ಸೂಚನೆ' ಎಂದು ದಪ್ಪ ಅಕ್ಷರ. ಅದರ ಕೆಳಗೆ ಆಯಿಯ ಪೂರ್ತಿ ಹೆಸರು. 'ಈ ಸ್ಥಳವು ಮೇಲ್ಕಂಡವರ ಸ್ವಾಧೀನದಲ್ಲಿದ್ದು, ಸದರಿ ಸ್ಥಳವನ್ನು ಅನ್ಯರು ಅತಿಕ್ರಮಿಸಿದಲ್ಲಿ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು.'

ಎರಡು ಸಲ ಓದಿ ನೋಡಿದೆ. ಒಂದು ತಪ್ಪಿಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದೆ, ಮಳೆಗೆ ನೆನೆಯಬಾರದಲ್ಲ. ಸಂಜೆ ಬರುವಾಗ ಊರು ದಾಟಿ ಸೀದಾ ಅಂಕೋಲೆಗೆ ಹೋಗಿ ಇಳಿದೆ. ಪೇಟೆ ಖಾಲಿಯಾಗಿತ್ತು, ಕಟ್ಟೆಗಳನ್ನು ತೊಳೆದು ಎಲ್ಲರೂ ಮನೆಗೆ ಹೋಗಿದ್ದರು. ನಮ್ಮ ಜಾಗದ ಕಂಬಕ್ಕೆ ನಾಲ್ಕೂ ಮೂಲೆ ಟೇಪು ಹಚ್ಚಿ ಗಟ್ಟಿಯಾಗಿ ಅಂಟಿಸಿದೆ. ಹಿಂದೆ ಸರಿದು ನೋಡಿದೆ. ಏನು ಖುಷಿ ಅಂತೀರಿ! ಮೂರು ವರ್ಷದ ಓದು ಇವತ್ತು ಮನೆಗೆ ಉಪಯೋಗಕ್ಕೆ ಬಂತು ಅನ್ನಿಸಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನಗೆ ಓದೇ ನಾಲ್ಕೂ ಕಾಲು ಆಗಿತ್ತು.

'ಕಾಯಿ ಕೊಟ್ಯಾ?' ಎಂದಳು ಆಯಿ.

'ಹೂಂ. ಎಲ್ಲಾ ವ್ಯವಸ್ಥೆ ಆಯ್ತು. ನೀ ಚಿಂತೆ ಮಾಡ್ಬೇಡ' ಅಂದೆ.

'ಮಾವಶಿ ಎಂತ ಅಂತು?'

'ಎಂತ ಅನ್ನೂದು? ಆಯ್ತು ಅಂತು.'

ಐತವಾರ ಹೊಟ್ಟೆನೋವು ಎಂದು ಮಲಗಿದೆ. ಮುಂದಿನ ಐತವಾರ ಆಫೀಸಿನಲ್ಲಿ ತುರ್ತು ಕೆಲಸ ಅಂದೆ. ಆಯಿ ಮತ್ತೆ ಕೇಳಲಿಲ್ಲ. ಕೇರಿಯಲ್ಲಿ ಇಷ್ಟು ಜನ ಇದ್ದೂ ಪೇಟೆಯ ಹೆಂಗಸರಲ್ಲಿ ಒಬ್ಬರೂ ಅವಳ ಕೈ ನೋಡಲು ಮನೆಗೆ ಬರಲಿಲ್ಲ. 'ಹಂಗಾಮು ಜೋರದೆ ಕಾಣ್ತದೆ, ಪಾಪ, ಅವಕ್ಕೆ ಪುರಸೊತ್ತೇ ಇಲ್ಲ' ಎಂದು ಆಯಿ ತಾನೇ ಸಮಾಧಾನ ಹೇಳಿಕೊಂಡಳು. ನನಗೆ ಅದು ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಯಾರೂ ಬಂದು ಪಟ್ಟಿಯ ವಿಷಯ ಕೇಳಲಿಲ್ಲ ಎಂದು ಒಳಗೊಳಗೇ ನೆಮ್ಮದಿಯಾಗಿತ್ತು.

ಪ್ಲಾಸ್ಟರ್ ಬಿಚ್ಚಿದ ಮೂರನೇ ದಿನ ಆಯಿ ಬುಟ್ಟಿ ತೊಳೆದು, ಹಳದಿ ಸೀರೆ ಉಟ್ಟು, ಅಬ್ಬಲಿ ದಂಡೆ ಮುಡಿದು ಹೊರಟಳು. ಆರು ವಾರದ ಮೇಲೆ ಗೆಳತಿಯರ ಮುಖ ನೋಡುವ ಸಂಭ್ರಮ. ಮಧ್ಯಾಹ್ನದೊಳಗೆ ತಿರುಗಿ ಬಂದಳು. ಬುಟ್ಟಿ ಒಣಗಿತ್ತು.

'ಬೋಟಿಗೆ ಮೀನೇ ಬೀಳ್ಲಿಲ್ಲ' ಅಂದಳು.

ನಂಬಿದೆ. ಮರುದಿನವೂ ಮೀನು ಬೀಳಲಿಲ್ಲ ಅಂದಳು. ಮೂರನೇ ದಿನ ಸ್ವಲ್ಪ ತಾರ್ಲೆ ತಂದಳು, ಹರಾಜಿನ ಕೊನೆಯಲ್ಲಿ ಯಾರಿಗೂ ಬೇಡವಾಗಿ ಉಳಿಯುತ್ತದಲ್ಲ, ಹೊಟ್ಟೆ ಒಡೆದದ್ದು, ಅಂಥದ್ದು. ಅದನ್ನು ಪೇಟೆಯಲ್ಲಿ ಹಾಕಿಕೊಂಡು ಕೂತಳಂತೆ. ಅರ್ಧ ಹಾಗೆಯೇ ವಾಪಸು ಬಂತು. ನಾವು ಮೂರು ದಿನ ಅದನ್ನೇ ತಿಂದೆವು.

ಆ ವರ್ಷ ಪೂರ್ತಿ ಹಾಗೇ ನಡೆಯಿತು. ಅವಳು ಒಮ್ಮೆಯೂ ನನ್ನ ಮೇಲೆ ದನಿ ಎತ್ತಲಿಲ್ಲ. ಒಂದು ದಿನ ಮಾತ್ರ, ನಾನು ಬಸ್ಸಿಗೆ ಹೊರಟಾಗ, 'ಆ ಕಂಬಕ್ಕೆ ಏನೋ ಕಾಗ್ದ ಹಚ್ಚಿದ್ಯಂತಲ್ಲ ಮಗಾ' ಅಂದಳು.

'ಹೌದು. ಜಾಗ ಯಾರೂ ಹೊಡ್ಕಬಾರ್ದು ಅಂತ.'

'ಹೌದಾ' ಅಂದಳು. ಅಷ್ಟೇ. ಟಿಫಿನ್ ಡಬ್ಬಿ ಕೊಟ್ಟಳು. ನಾನು ಬಸ್ಸು ತಪ್ಪುತ್ತದೆ ಎಂದು ಓಡಿದೆ.

ಮುಂದಿನ ಮಳೆಗಾಲ ಕಳೆದ ಮೇಲೆ ಅವಳು ಪೇಟೆಗೆ ಹೋಗುವುದನ್ನೇ ಬಿಟ್ಟಳು. ಬುಟ್ಟಿ ತಲೆಯ ಮೇಲೆ ಹೊತ್ತು ಹಟ್ಟಿಕೇರಿ, ಅವರ್ಸಾ ಕಡೆ ಮನೆ ಮನೆಗೆ ತಿರುಗಿ ಮಾರತೊಡಗಿದಳು. ಕೇಳಿದರೆ, 'ಪೇಟೆಯಲ್ಲಿ ಕೂತು ಕೂತು ಸೊಂಟ ಹಿಡೀತದೆ. ತಿರ್ಗಾಡಿ ಮಾರೂದೇ ಲಾಯ್ಕ' ಅಂದಳು. ಐವತ್ತು ದಾಟಿದ ಹೆಂಗಸು, ಒಂದು ಕೈ ಸರಿಯಾಗಿ ಮಡಚುವುದಿಲ್ಲ, ಬುಟ್ಟಿಯನ್ನು ತಲೆಯಿಂದ ಇಳಿಸಲು ಪ್ರತಿ ಮನೆಯಲ್ಲೂ ಇನ್ನೊಬ್ಬರನ್ನು ಕರೆಯಬೇಕು. ಅದು ಲಾಯ್ಕ ಅಂದಳು, ನಾನು ಹೌದು ಅಂದೆ. ನನಗೆ ನಂಬುವುದೇ ಅನುಕೂಲವಾಗಿತ್ತು. ಇನ್ನು ಐತವಾರ ಅಂಕೋಲೆ ಪೇಟೆಯಲ್ಲಿ ಯಾರೂ ಇವಳ ಆಯಿ ಎಂದು ತೋರಿಸುವಂತಿಲ್ಲವಲ್ಲ.

ನನ್ನ ಪಟ್ಟಿಯ ಕತೆಯೂ ಅಷ್ಟರಲ್ಲೇ ಮುಗಿಯಿತು. ಅವಧಿ ಮುಗಿದಿದೆ ಎಂದು ಒಂದು ಸಾಲು ಬಂತು. ಮೇಲಿನವಳು ದುಬೈಗೆ ಹಾರಲಿಲ್ಲ, ನೆಟ್ಟಗೆ ಹೋಗಿ ಕೆಲಸಕ್ಕೆ ಸೇರಿಕೊಂಡಳು. ವಕೀಲರ ಆಫೀಸಿಗೆ ಅವರ ತಂಗಿಯ ಮಗ ಬಂದು ಕೂತ, ಅವನು ನನಗಿಂತ ಬೇಗ ಟೈಪು ಮಾಡುತ್ತಿದ್ದ. 'ಬೇಕಾದಾಗ ಹೇಳಿ ಕಳಿಸ್ತೇನೆ' ಅಂದರು ವಕೀಲರು. ನೋಟಿಸಿನ ಭಾಷೆ ಬಲ್ಲವರಿಗೆ ಆ ಮಾತಿನ ಅರ್ಥ ಬೇರೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಕೂತೆ. ಕಾಲೇಜು ಬಿಟ್ಟು ಎರಡೂವರೆ ವರ್ಷ. ನನ್ನ ಜೊತೆ ಓದಿದವರಲ್ಲಿ ಇಬ್ಬರಿಗೆ ಮದುವೆಯಾಗಿತ್ತು, ಒಬ್ಬಳು ಮಡಗಾಂವಿನಲ್ಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದಳು. ಉಳಿದವರೂ ನಾನೂ ಫೋನಿನಲ್ಲಿ 'ಏನಾದ್ರೂ ಕಾಲ್ ಫಾರ್ ಆಗಿದ್ಯಾ' ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು. ಒಂದು ದಿನ ಯಾವುದೋ ಅರ್ಜಿಗೆ ಜಾತಿ ಪ್ರಮಾಣಪತ್ರ ಬೇಕಾಗಿ ಅಂಕೋಲೆಗೆ ಹೋದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಯಾಕೆ ಎಂದು ಗೊತ್ತಿಲ್ಲ, ಕಾಲು ಮೀನುಪೇಟೆಯ ಕಡೆ ತಿರುಗಿತು. ಸೊಕ್ಕು ಇಳಿದಿತ್ತಲ್ಲ, ಈಗ ಯಾರು ನೋಡಿದರೆ ಏನು.

ನಮ್ಮ ಜಾಗದಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಕೂತು ನೊಗಲಿ ಮಾರುತ್ತಿದ್ದಳು. ಕಂಬದ ಮೇಲೆ ನನ್ನ ನೋಟಿಸು ಹಾಗೇ ಇತ್ತು. ಅಕ್ಷರ ಮಾಸಿದ್ದರೂ ಓದಬಹುದಿತ್ತು. ಯಾರೂ ಅದರ ಒಂದು ಮೂಲೆಯನ್ನೂ ಕಿತ್ತಿರಲಿಲ್ಲ. ಮಾವಶಿ ಪಕ್ಕದಲ್ಲೇ ಇದ್ದಳು, ನನ್ನ ಮುಖ ನೋಡಿದಳು, ಗುರುತಿಸಿದಳು, ಇಸವಣದ ತುಂಡು ಮಾಡುತ್ತಿದ್ದ ಕತ್ತಿಯನ್ನು ನಿಲ್ಲಿಸಲಿಲ್ಲ.

ಅವಳ ಆಚೆ ಕೂತಿದ್ದವಳು ಹೇಳಿಬಿಟ್ಟಳು. 'ಏನ್ ತಂಗಿ, ಕಾಗ್ದ ನೋಡೂಕೆ ಬಂದ್ಯಾ? ಅದೆ, ಅದೆ. ನಾವು ಮುಟ್ಲಿಲ್ಲ ಮಾರಾಯ್ತಿ. ಮುಟ್ಟಿದ್ರೆ ಕೇಸು ಅಲ್ವ? ಹೆದರ್ಕಂಡು ಒಂದ್ ವರ್ಷ ಜಾಗಕ್ಕೆ ಕಾಲೂ ತಾಗಿಸ್ಲಿಲ್ಲ. ನಿನ್ನ ಆಯಿ ಪೇಟೆ ಬಿಟ್ಟ ಮೇಲೇ ಇದನ್ನು ಕೂರ್ಸಿದ್ದು.'

ಸುತ್ತಲಿನವರು ನಕ್ಕರು. ನಗುತ್ತಲೇ ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಅಂಟಿಸಿ ಬಂದ ಮರುದಿನ ಮೀನಿಗೆ ಬಂದ ಮಾಸ್ತರರೊಬ್ಬರಿಂದ ಅವರು ಅದನ್ನು ಓದಿಸಿದ್ದರು. ಎರಡು ಸಲ ಓದಿಸಿದ್ದರು. ಸದರಿ, ಅತಿಕ್ರಮ ಎಲ್ಲದರ ಅರ್ಥ ಕೇಳಿದ್ದರು. ಅನ್ಯರು ಅಂದರೆ ಯಾರು ಎಂದು ಮಾವಶಿ ಕೇಳಿದಳಂತೆ. 'ನೀವೇ' ಅಂದರಂತೆ ಮಾಸ್ತರರು. ಆಯಿಯ ಬಾಣಂತನಕ್ಕೆ ಮೂರು ತಿಂಗಳು ಬುಟ್ಟಿ ಬೋರಲು ಹಾಕಿ ಜಾಗ ಕಾದವಳು, ನಾನು ಹುಟ್ಟಿದ ದಿನ ಗುಂಪಿಗೆಲ್ಲ ಬೆಲ್ಲ ಹಂಚಿದವಳು, ಅವಳು ಅನ್ಯಳು. ಬುಟ್ಟಿ ಬೋರಲು ಬೀಳಲಿಲ್ಲ. ಪಾಲೂ ಮುರಿಯಿತು.

ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದೆ, ಆಯಿ ಇನ್ನೂ ಬಂದಿರಲಿಲ್ಲ. ಸಂಜೆ ಒಂದು ಕಾಯಿ ತೆಗೆದುಕೊಂಡು ಮಾವಶಿಯ ಮನೆಗೆ ಹೋದೆ, ಎರಡು ವರ್ಷದ ಹಿಂದೆ ಹೋಗಬೇಕಾಗಿದ್ದ ಮನೆಗೆ. ಅವಳು ಅಂಗಳದಲ್ಲಿ ಕೂತು ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತಿದ್ದಳು. ಕೂತ್ಕ ಅನ್ನಲಿಲ್ಲ. ನಾನು ಕಾಯಿ ಕೆಳಗಿಟ್ಟು ಅವಳ ಎದುರಿಗೆ ಕೂತೆ.

'ನಿನ್ ಮೇಲೆ ನಂಗೆ ಸಿಟ್ಟಿಲ್ಲ ತಂಗಿ' ಅಂದಳು ಅವಳೇ ಮೊದಲು. 'ಅವತ್ತೇ ನಾವು ಮೂರು ಜನ ಮಾತಾಡ್ಕಂಡಿದ್ವಿ. ಇದು ಹುಡ್ಗಿ ಕೆಲ್ಸ, ಓದು ತಲೆಗೆ ಹತ್ತದೆ. ಕೈ ವಾಸಿಯಾಗಿ ಇದ್ರ ಆಯಿ ಬರ್ಲಿ, ಎರಡು ಬೈದು ಕಾಗ್ದ ಕಿತ್ತು ಹೊಳೆಗೆ ಬಿಸಾಕೂದು ಅಂತ. ನಿನ್ ಆಯಿ ಬಂತು. ಅದ್ಕೆ ಓದಿ ಹೇಳಿಸಿದ್ವಿ. ಮೋರೆ ಬೆಳ್ಳಗಾಯ್ತು. ಕಡಿಗೆ ಎಂತ ಅಂತು ಗೊತ್ತದ್ಯಾ? ಹುಡ್ಗಿಗೆ ಏನೂ ಗೊತ್ತಿಲ್ಲ, ನಾನೇ ಹೇಳಿ ಬರ್ಸಿದ್ದು ಅಂತು.'

'ಆಯಿ ಹಂಗೆ ಅಂತಾ?' ಅಂದೆ.

'ಮೂವತ್ತು ವರ್ಷ ಒಟ್ಟಿಗೆ ಕೂತದ್ದು ನಮ್ ಮೇಲೇ ಕೇಸ್ ಹಾಕ್ತೆ ಅಂದ್ರೆ ನಾವು ಎಂತ ಮಾಡೂದು ಹೇಳು? ಮಕ್ಳು ತಪ್ಪು ಮಾಡಿದ್ರೆ ಬೈದು ಬಿಡ್ಬಹುದು. ಇದ್ಕೆ ಎಂತ ಮಾಡೂದು?' ಎನ್ನುತ್ತ ಶೆಟ್ಲಿಯ ಸಿಪ್ಪೆಯನ್ನು ಜೋರಾಗಿ ಎಳೆದಳು. 'ಆದ್ರೂ ನಿನ್ ವಿಷಯದಲ್ಲಿ ನಾವು ಒಂದ್ ಮಾತು ಆಡ್ಲಿಲ್ಲ. ಆಯಿ ಹಂಗಾದ್ರೂ ಮಗಳು ಬಂಗಾರ ಅಂತ ನಾನೇ ನಾಕು ಮನೇಲಿ ಹೇಳಿದ್ದೆ. ಮೊನ್ನೆ ನನ್ ತಮ್ಮನ ಹೆಂಡ್ತಿನೂ ಕೇಳ್ತು, ಆ ಹುಡ್ಗಿ ಹೆಂಗದೆ ಅಂತ. ಅವ್ರ ಮಗ ಬಂದರಲ್ಲಿ ನೌಕರಿ ಮಾಡ್ತ. ಚಲೋ ಹುಡ್ಗಿ ಅಂದೆ.'

ಅಲ್ಲಿಗೆ ನಾನು ಎದ್ದು ಬರಬಹುದಿತ್ತು. ಈಗ ಅನ್ನಿಸುತ್ತದೆ, ಬರಬೇಕಿತ್ತು. ಆದರೆ ಎರಡೂವರೆ ವರ್ಷದ ಹೊಲಸೆಲ್ಲ ಗಂಟಲಿಗೆ ಬಂದಿತ್ತು. 'ಆಯಿ ಬರೆಸಿದ್ದಲ್ಲ ಮಾವಶಿ' ಅಂದೆ. 'ನಾನೇ ಬರ್ದದ್ದು. ಆಯಿಗೆ ಗೊತ್ತೇ ಇರ್ಲಿಲ್ಲ. ಅದು ನಿಮ್ಮನೆಗೆ ಅಂತ ಕಾಯಿ ಕೊಟ್ಟು ಕಳ್ಸಿತ್ತು. ನಾನು ಬರ್ಲಿಲ್ಲ. ಕೊಟ್ಟೆ ಅಂತ ಸುಳ್ಳು ಹೇಳ್ದೆ. ಪೇಟೆಯಲ್ಲಿ ಕೂರೂಕೆ ನಾಚಿಕೆ ಆಗಿ ಹಂಗ್ ಮಾಡ್ದೆ.' ಹೇಳುತ್ತ ಅತ್ತೆ. ಜೋರಾಗಿಯೇ ಅತ್ತೆ.

ಮಾವಶಿಯ ಕೈ ನಿಂತಿತು. ಅವಳು ನನ್ನನ್ನು ನೋಡಿದಳು, ಅಂಥ ನೋಟವನ್ನು ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

'ನಾಚಿಕೆ ಆಯ್ತಾ? ನಮ್ ಜೊತೆ ಕೂರೂಕೆ?' ಅಂದಳು. ಆ ದೊಡ್ಡ ಬಾಯಿಯ ಹೆಂಗಸಿನ ದನಿ ನನಗಷ್ಟೇ ಕೇಳುವ ಹಾಗಿತ್ತು. 'ನಿನ್ ಆಯಿ ಒಂದ್ ವರ್ಷ ನಮ್ ಪಕ್ಕದಲ್ಲೇ ಕೊಳ್ತ ತಾರ್ಲೆ ಇಟ್ಕಂಡು ಕೂತಿತ್ತು. ನಾವು ಒಬ್ರೂ ಮಾತಾಡ್ಸಲಿಲ್ಲ. ನೀರು ಬೇಕಾ ಅಂತೂ ಕೇಳ್ಲಿಲ್ಲ. ಆಗ ಹೇಳೂಕೆ ನಿಂಗೆ ಬಾಯಿ ಇರ್ಲಿಲ್ವ?'

'ನಂಗೆ ಗೊತ್ತಿರ್ಲಿಲ್ಲ.'

'ಒಂದೇ ಮನೇಲಿ ಉಂಡು ಮಲಗ್ತಿದ್ರಿ. ಗೊತ್ತಿರ್ಲಿಲ್ಲ!'

ಆಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನನ್ನ ಕಣ್ಣೀರಿಗಲ್ಲ, ಆಯಿಗಾಗಿ. ಪಾಲು ಇನ್ನು ಆಗುವುದಿಲ್ಲ ಅಂದಳು. ಈಗ ಆ ಜಾಗದಲ್ಲಿ ಕೂತವಳ ಗಂಡ ಕಡಲಿಗೆ ಹೋದವನು ತಿರುಗಿ ಬರಲೇ ಇಲ್ಲ, ಎರಡು ಕೂಸು. ಅವಳನ್ನು ಏಳು ಎಂದು ಯಾವ ಬಾಯಲ್ಲಿ ಹೇಳುವುದು, ಹಾಗೆ ಏಳಿಸಿ ಕೊಟ್ಟರೆ ನಿನ್ನ ಆಯಿಯೇ ಕೂರುವುದಿಲ್ಲ ಅಂದಳು. ಅದು ನಿಜ. ನಾನು ತಂದ ಕಾಯಿಯನ್ನು ಅವಳು ಮುಟ್ಟಲಿಲ್ಲ.

ಕೇರಿಯಲ್ಲಿ ನಡೆದು ಬರುವಾಗ ನನಗೆ ಎದೆ ಹಗುರಾಗಿತ್ತು. ಇದನ್ನೂ ಬರೆಯಬೇಕು. ಏನೋ ದೊಡ್ಡ ಕೆಲಸ ಮಾಡಿ ಬಂದ ಹಾಗೆ, ಈಗ ಆಯಿಗೆ ಹೇಳಿದರೆ ಅವಳು ತಲೆ ನೇವರಿಸುತ್ತಾಳೆ ಎಂಬ ಹಾಗೆ ಬಂದೆ. ಅವಳು ಆಗಷ್ಟೇ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತಿದ್ದಳು. ನಾನು ಎಲ್ಲ ಹೇಳಿದೆ. ಪೇಟೆಗೆ ಹೋದದ್ದು, ಮಾವಶಿಯ ಮನೆ, ಅವಳು ಅಂದದ್ದು, ನಾನು ಒಪ್ಪಿಕೊಂಡದ್ದು.

ಆಯಿಯ ಕೈ ತಿಕ್ಕುವುದು ನಿಂತಿತು.

'ಯಾರ್ ಕೇಳಿದ್ರು ನಿನ್ನ?' ಅಂದಳು.

ನನಗೆ ಅರ್ಥವಾಗಲಿಲ್ಲ. 'ಅಲ್ಲ ಆಯಿ, ಅವ್ರು ನಿನ್ನ ತಪ್ಪು ಅಂದ್ಕಂಡಿದ್ರು.'

'ಅಂದ್ಕಳ್ಳಿ ಅಂತ್ಲೇ ಅಲ್ವ ನಾ ಹೇಳಿದ್ದು?' ಅವಳ ದನಿ ಎತ್ತರವಾಯಿತು. ಹುಟ್ಟಿದಾಗಿನಿಂದ ಆ ದನಿ ನನ್ನ ಮೇಲೆ ಬಿದ್ದದ್ದು ಅದೇ ಮೊದಲು. 'ಜಾಗ ಹೋದ್ರೆ ಹೋಗ್ಲಿ, ನಿನ್ ಹೆಸ್ರು ಉಳೀಲಿ ಅಂತ ಬಾಯ್ಮುಚ್ಕಂಡು ಕೂತೆ ನಾನು. ಲಿಸ್ಟಿಂದ ಕರೆ ಬಂದ್ರೆ ಬಂತು, ಇಲ್ದಿದ್ರೆ ಒಂದ್ ಚಲೋ ಮನೆಗಾದ್ರೂ ಹೋಗ್ತೆ ಅಂತ. ಮಾವಶಿ ತಮ್ಮನ ಮನೆಯವ್ರು ಕೇಳ್ತಾ ಇದ್ದದ್ದು ನಂಗೂ ಕಿವಿಗೆ ಬಿದ್ದಿತ್ತು. ಇನ್ನು ಕೇಳ್ತ್ರಾ? ನಾಳೆ ದಕ್ಕೆಯಲ್ಲಿ ಎಲ್ರಿಗೂ ಗೊತ್ತಾಗ್ತದೆ. ಮೀನು ಮಾರೂ ಹೆಂಗಸ್ರ ಜೊತೆ ಕೂರೂಕೆ ನಾಚಿಕೆ ಪಟ್ಟ ಹುಡ್ಗಿ, ಆಯಿ ಹತ್ರ ಸುಳ್ಳು ಹೇಳ್ದ ಹುಡ್ಗಿ.'

'ಆಯಿ...'

'ನನ್ ಜಾಗ ತಿರ್ಗಿ ಬಂತಾ?'

'ಇಲ್ಲ.'

'ಪಾಲು ಕೊಡ್ತೆ ಅಂತಾ?'

'ಇಲ್ಲ.'

'ಹಂಗಾರೆ ಯಾರಿಗೆ ಅಂತ ಹೇಳ್ದೆ ನೀನು?'

ನನಗೋಸ್ಕರ ಹೇಳಿದ್ದೆ. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ನನ್ನ ಉತ್ತರಕ್ಕೆ ಕಾಯದೆ, ಸರಿಯಾದ ಕೈಯನ್ನು ನೆಲಕ್ಕೆ ಊರಿ ಎದ್ದು ಒಳಗೆ ಹೋದಳು.